ಇಂದಿನ ಧಮ್ಮ ಚಿಂತನೆ: ಮಗಳು ಕೇಳಿದ್ದು



ಅಮೆರಿಕದ ಕರ್ದಾಶಿಯನ್ ಕುಟುಂಬದ ತಾಯಿ ಕ್ರಿಸ್ ಜೆನ್ನರ್‌ಗೆ ಆರು ಮಕ್ಕಳು. 2007ರಿಂದ 2021ರವರೆಗೆ ಆ ಮನೆಯ ಮದುವೆ, ಹೆರಿಗೆ, ಜಗಳ, ಕಣ್ಣೀರೆಲ್ಲ ಟಿವಿ ರಿಯಾಲಿಟಿ ಷೋ ಆದವು. ತಾಯಿಯೇ ಮಕ್ಕಳ ಮ್ಯಾನೇಜರ್. ಅವರ ಗಳಿಕೆಯಲ್ಲಿ ಶೇ. 10 ಆಕೆಯ ಪಾಲು.

ಓದಿ ನಕ್ಕೆ. ಆದರೆ ಮೊನ್ನೆ ಮಗಳ ಅಂಕಪಟ್ಟಿ ಸ್ಟೇಟಸ್‌ಗೆ ಹಾಕಿ, ಎಷ್ಟು ಜನ ನೋಡಿದರೆಂದು ಗಳಿಗೆಗೊಮ್ಮೆ ಎಣಿಸಿದವಳು ನಾನೇ. "ಕಡಿಮೆ ಬಂದಿದ್ರೆ ಹಾಕ್ತಿದ್ಯೇನಮ್ಮಾ?" ಅಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಬಾಬಾಸಾಹೇಬರ ಮಕ್ಕಳು ಓದುವುದು ನಮಗೆ ಹೆಮ್ಮೆಯೇ. ಅದಕ್ಕೆ ಹೊಗಳಿಕೆಯ ತಣ್ಹಾ ಅಂಟಿದರೆ ಮಗು ಸರಕಾಗುತ್ತದೆ. ಮೆತ್ತ ಸುತ್ತದ ತಾಯಿ ಒಬ್ಬನೇ ಮಗನನ್ನು ಪ್ರಾಣ ಒತ್ತೆಯಿಟ್ಟು ಕಾಯುತ್ತಾಳೆ. ಅಲ್ಲಿ ನೋಡುಗರಿಲ್ಲ.

ಇಂದು ಮಕ್ಕಳ ಫೋಟೋ ಹಾಕುವ ಮುನ್ನ ಅವರನ್ನೊಮ್ಮೆ ಕೇಳೋಣ.

ಭವತು ಸಬ್ಬ ಮಂಗಲಂ.