ಇಂದಿನ ಧಮ್ಮಚಿಂತನೆ: ಬಟ್ಟೆ ಯಾವ ನಾಚಿಕೆಯನ್ನು ಮುಚ್ಚುತ್ತದೆ?

 

ಕಳೆದ ವಾರ ನಮ್ಮ ಬಳಗದಲ್ಲಿ ತೃಷ್ಣೆಯ ಬಗ್ಗೆ ಮಾತು ನಡೆದಾಗ ಸಹೋದರಿಯೊಬ್ಬರು ಒಂದು ಪ್ರಶ್ನೆ ಹಾಕಿದ್ದರು. "ಡಿಸೈನರ್ ಸೀರೆಗೆ ಲಕ್ಷ ಸುರಿಯುವವರಿಗೆ ಆಸೆ ಜಾಸ್ತಿ, ಒಪ್ಪೋಣ. ನಾವು ಅದೇ ನಮೂನೆಯದನ್ನು ಎಂಟುನೂರಕ್ಕೆ ಹುಡುಕಿ ತರುತ್ತೇವೆ. ಮನೆ ಖರ್ಚಿಗೆ ಕೈ ಹಾಕುವುದಿಲ್ಲ, ಸಾಲ ಮಾಡುವುದಿಲ್ಲ. ಇದೇ ಮಧ್ಯಮ ಮಾರ್ಗ ಅಲ್ಲವೇ?" ಒಂದಿಷ್ಟು ನಗುವಿನ ಚಿತ್ರಗಳು ಬಂದವು, ಮಾತು ಬೇರೆ ಕಡೆ ಹೋಯಿತು. ನಾನು ಹೊಲಿಗೆಯವಳು. ನನಗೆ ಅದನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ. ಇವತ್ತಿನ ಬರಹದ ಸರದಿ ನನ್ನದಾದ್ದರಿಂದ ಅದನ್ನೇ ಎತ್ತಿಕೊಂಡಿದ್ದೇನೆ.

ನಾನಿರುವುದು ಕುಂದಾಪುರ ತಾಲ್ಲೂಕಿನ ಹಟ್ಟಿಯಂಗಡಿಯಲ್ಲಿ. ವಾರಾಹಿ ಹೊಳೆ, ಗದ್ದೆ, ತೆಂಗಿನ ತೋಟ, ಸಿದ್ಧಿವಿನಾಯಕ ದೇವಸ್ಥಾನ. ಊರಿನ ಹೆಸರಿನಲ್ಲೇ ಅಂಗಡಿ ಇದ್ದರೂ ಒಳ್ಳೆಯ ಬಟ್ಟೆ ಬೇಕೆಂದರೆ ಬಸ್ಸು ಹತ್ತಿ ಕುಂದಾಪುರ ಪೇಟೆಗೆ ಹೋಗಬೇಕಿತ್ತು. ಈಗ ಅಂಗಡಿ ಎಲ್ಲರ ಕೈಯಲ್ಲೇ ಇದೆ. ನಾನು ಹೊಲಿಗೆ ಕಲಿಯುವಾಗ ಹೊಸ ನೆಕ್ ಡಿಸೈನ್ ಸಿನಿಮಾದಿಂದಲೋ ವಾರಪತ್ರಿಕೆಯ ಮುಖಪುಟದಿಂದಲೋ ನಮ್ಮೂರಿಗೆ ಇಳಿಯಲು ವರ್ಷ ಹಿಡಿಯುತ್ತಿತ್ತು. ಇಳಿದದ್ದು ನಾಲ್ಕೈದು ವರ್ಷ ಇಲ್ಲೇ ಇರುತ್ತಿತ್ತು. ಈಗ ಮುಂಬಯಿಯಲ್ಲಿ ನಟಿ ತೊಟ್ಟ ಬ್ಲೌಸು ಮೂರನೇ ದಿನಕ್ಕೆ ಯಾರದೋ ಫೋನಿನಲ್ಲಿ ನನ್ನ ಮಿಷನ್ನಿನ ಮುಂದೆ ಬಂದು ಕೂರುತ್ತದೆ. ಅದನ್ನು ಹೊಲಿದು ಹುಕ್ಕು ಹಾಕುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ.

ಕಡಿಮೆ ದುಡ್ಡಿನಲ್ಲಿ ಚಂದ ಕಾಣುವುದು ಒಂದು ವಿದ್ಯೆ. ಅದನ್ನು ನಾನು ಕೀಳಾಗಿ ಕಾಣುವುದಿಲ್ಲ, ನನ್ನ ಅನ್ನವೂ ಅದರಲ್ಲೇ ಇದೆ. ಅಮ್ಮನ ಹರಿದ ರೇಷ್ಮೆ ಸೀರೆಯ ಅಂಚು ಬಿಡಿಸಿ ಸಾದಾ ಬ್ಲೌಸಿನ ತೋಳಿಗೆ ಕೂರಿಸಿದರೆ ಸಾವಿರಾರು ರೂಪಾಯಿಯ ಕೆಲಸದಂತೆ ಕಾಣುತ್ತದೆ. ಆರಿ ವರ್ಕ್ ಇಡೀ ಬೆನ್ನಿಗೆ ಬೇಡ, ತೋಳಿನ ತುದಿಗೆ ಎರಡು ಸಾಲು ಸಾಕು. ಒಂದು ಕಪ್ಪು, ಒಂದು ಚಿನ್ನದ ಬಣ್ಣದ ಬ್ಲೌಸ್ ಇದ್ದರೆ ಆರು ಸೀರೆಗೆ ಆಗುತ್ತದೆ. ಭುಜ ಸರಿಯಾಗಿ ಕೂತ ಮುನ್ನೂರರ ಬ್ಲೌಸ್ ಭುಜ ಜಾರುವ ಮೂರು ಸಾವಿರದ್ದಕ್ಕಿಂತ ಯಾವತ್ತೂ ಚಂದ. ಇದನ್ನೆಲ್ಲ ತೃಷ್ಣೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರನ್ನು ಕಂಡರೆ, ಅವರು ಉಟ್ಟದ್ದನ್ನು ಯಾರು ಆರಿಸಿ ತಂದು ಇಸ್ತ್ರಿ ಮಾಡಿಟ್ಟರು ಎಂದು ಕೇಳಬೇಕೆನಿಸುತ್ತದೆ.

ಆದರೆ ಸಹೋದರಿ ಕೇಳಿದ್ದು ಬೇರೆ. ಬೆಲೆ ಇಳಿದರೆ ಆಸೆಯೂ ಇಳಿದಂತೆಯೇ ಎಂಬುದು ಅವರ ಪ್ರಶ್ನೆ.

ಇಲ್ಲಿ ನನಗೆ ಎರಡು ಪ್ರಸಂಗ ಒಟ್ಟಿಗೆ ನೆನಪಾಗುತ್ತವೆ. ವೈದ್ಯ ಜೀವಕ ಉಜ್ಜಯಿನಿಯ ಅರಸ ಪಜ್ಜೋತನ ಕಾಯಿಲೆ ವಾಸಿ ಮಾಡಿದಾಗ ಅರಸ ಅವನಿಗೆ ಬಹು ಬೆಲೆಬಾಳುವ ಒಂದು ಜೋಡಿ ವಸ್ತ್ರ ಕಳಿಸಿದ. ಜೀವಕ ಅದನ್ನು ಬುದ್ಧರಿಗೆ ಅರ್ಪಿಸಿದ. ಬುದ್ಧರೂ ಭಿಕ್ಕುಗಳೂ ಆಗ ಉಡುತ್ತಿದ್ದುದು ಎಸೆದ ಚಿಂದಿಗಳನ್ನು ಆಯ್ದು ಹೊಲಿದ ಚೀವರ. ಆದರೂ ಬುದ್ಧರು ಅದನ್ನು ಬೇಡವೆನ್ನಲಿಲ್ಲ. ಚಿಂದಿ ಉಡುವವರು ಅದನ್ನೇ ಉಡಲಿ, ಗೃಹಸ್ಥರು ಕೊಟ್ಟದ್ದನ್ನು ಉಡುವವರು ಅದನ್ನು ಉಡಲಿ, ಎರಡರಲ್ಲೂ ತೃಪ್ತಿ ಮುಖ್ಯ ಎಂದರು. ಇದು ವಿನಯದ ಮಹಾವಗ್ಗದಲ್ಲಿದೆ. ಇನ್ನೊಂದು ಸಂಯುತ್ತ ನಿಕಾಯದ್ದು. ಬುದ್ಧರ ಚಿಕ್ಕಮ್ಮನ ಮಗ ನಂದ, ಭಿಕ್ಕುವಾದ ಮೇಲೂ ಚೀವರವನ್ನು ತಟ್ಟಿ ನುಣುಪು ಮಾಡಿಸಿ, ಕಣ್ಣಿಗೆ ಕಾಡಿಗೆ ಹಚ್ಚಿ, ಹೊಳೆಯುವ ಭಿಕ್ಷಾಪಾತ್ರೆ ಹಿಡಿದು ಬಂದ. ಬುದ್ಧರು ಅವನನ್ನು ನೇರವಾಗಿಯೇ ಗದರಿದರು. ನಂದನ ಚೀವರ ಉಳಿದವರದ್ದಕ್ಕಿಂತ ದುಬಾರಿಯಾಗಿತ್ತು ಎಂದು ಅಲ್ಲಿ ಎಲ್ಲೂ ಹೇಳಿಲ್ಲ. ಅದೇ ಚೀವರವೇ, ಇಸ್ತ್ರಿ ಮಾತ್ರ ಹೆಚ್ಚು.

ಅರಸನ ವಸ್ತ್ರಕ್ಕೆ ಆಕ್ಷೇಪವಿಲ್ಲ, ಇಸ್ತ್ರಿಗೆ ಆಕ್ಷೇಪವಿದೆ! ಹಾಗಾದರೆ ಬೆಲೆಯ ಚೀಟಿ ನೋಡಿ ತೀರ್ಪು ಕೊಡಲು ಬರುವುದಿಲ್ಲ. ಲಕ್ಷ ಕೊಟ್ಟವರನ್ನು ಅದು ಅಪರಾಧಿ ಮಾಡುವುದಿಲ್ಲ, ಎಂಟುನೂರು ಕೊಟ್ಟವರನ್ನು ಬಿಡುಗಡೆಯೂ ಮಾಡುವುದಿಲ್ಲ.

ನಾವು ಕೊಳ್ಳುವುದು ಬಟ್ಟೆಯನ್ನೋ ಹೆಸರನ್ನೋ ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಒಂದು ಉದಾಹರಣೆ ಇದೆ. ಮರವಂತೆಯ ಬಳಿ ಪಡುಕೋಣೆ ಎಂಬ ಊರು. ದೀಪಿಕಾ ಪಡುಕೋಣೆಯ ಮನೆತನದ ಹೆಸರು ಅಲ್ಲಿಂದ ಬಂದದ್ದು, ಹಾಗಾಗಿ 2018ರ ನವೆಂಬರಿನಲ್ಲಿ ಇಟಲಿಯ ಕೋಮೊ ಸರೋವರದ ದಂಡೆಯಲ್ಲಿ ನಡೆದ ಅವರ ಮದುವೆ ನಮ್ಮ ಕಡೆ ನೆರೆಮನೆಯ ಮದುವೆಯಂತೆ ಚರ್ಚೆಯಾಯಿತು. ಕೊಂಕಣಿ ಶಾಸ್ತ್ರದ ದಿನ ಉಟ್ಟ ಸೀರೆ ಸಬ್ಯಸಾಚಿಯದ್ದು ಎಂದು ದೇಶವೆಲ್ಲ ಹೊಗಳಿತು. ಕೆಲವೇ ದಿನಗಳಲ್ಲಿ ಸಬ್ಯಸಾಚಿಯವರೇ ತಿದ್ದುಪಡಿ ಪ್ರಕಟಿಸಿದರು: ಕೊಂಕಣಿ ಪದ್ಧತಿಯಂತೆ ಆ ಸೀರೆ ಮದುಮಗಳಿಗೆ ತಾಯಿ ಕೊಟ್ಟದ್ದು, ಬೆಂಗಳೂರಿನ ಅಂಗಡಿ ಗ್ಯಾಲೇರಿಯಾದಿಂದ ಕೊಂಡದ್ದು. ಸೀರೆಯ ಒಂದು ಎಳೆಯೂ ಬದಲಾಗಲಿಲ್ಲ. ಆದರೆ ನನ್ನ ಮಿಷನ್ನಿನ ಸುತ್ತ ಕೂತವರಲ್ಲಿ ಕೆಲವರ ಮುಖ ಬಾಡಿತು. "ಓ, ಅಂಗಡಿದಾ?" ಎಂದವರೂ ಇದ್ದರು. ಧಮ್ಮದಲ್ಲಿ ಸಞ್ಞಾ ಎನ್ನುತ್ತೇವಲ್ಲ, ವಸ್ತುವಿನ ಮೇಲೆ ಮನಸ್ಸು ಅಂಟಿಸುವ ಗುರುತಿನ ಚೀಟಿ, ಅದನ್ನು ಇಷ್ಟು ಸ್ಪಷ್ಟವಾಗಿ ನಾನು ಬೇರೆಲ್ಲೂ ಕಂಡಿಲ್ಲ. ತಾಯಿ ಕೊಟ್ಟದ್ದು ಎಂಬ ಮಾತಿಗೆ ಸೀರೆಯ ತೂಕ ಹೆಚ್ಚಬೇಕಿತ್ತು. ನಮ್ಮ ಲೆಕ್ಕದಲ್ಲಿ ಅದು ಇಳಿಯಿತು.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. ಭಿಕ್ಕುಗಳು ಚೀವರ ಉಡುವಾಗ ಅದು ಯಾತಕ್ಕಾಗಿ ಎಂದು ನೆನೆಯುವ ಪಾಠ ನಮಗೆಲ್ಲ ಗೊತ್ತು. ಚಳಿ, ಸೆಕೆ, ಸೊಳ್ಳೆ, ಗಾಳಿ, ಬಿಸಿಲು, ಹುಳಹುಪ್ಪಟೆ ಇವುಗಳಿಂದ ರಕ್ಷಣೆಗೆ, ಮತ್ತೆ ಮೈಯ ನಾಚಿಕೆ ಮುಚ್ಚುವುದಕ್ಕೆ. ಪಟ್ಟಿ ಅಲ್ಲಿಗೆ ಮುಗಿಯುತ್ತದೆ. ಗೃಹಸ್ಥರಿಗೆ ಅದು ಸಾಲುತ್ತದೆಯೇ?

ಒಂದು ಹುಡುಗಿ ಬಂದಿದ್ದಳು. ಗೇರುಬೀಜದ ಫ್ಯಾಕ್ಟರಿಗೆ ಹೋಗುವವಳು. ದೊಡ್ಡಪ್ಪನ ಮಗಳ ಮೆಹಂದಿ, ಹುಡುಗಿಯರೆಲ್ಲ ಒಂದೇ ಬಣ್ಣ ಎಂದು ಮಾತಾಗಿದೆ. ನಮ್ಮ ಕಡೆ ಈಗ ಮದುವೆಗಿಂತ ಮೆಹಂದಿಯ ರಾತ್ರಿಯೇ ಜೋರು, ಗೊತ್ತಲ್ಲ. ಫೋನಿನಲ್ಲಿ ಒಂದು ಡಿಸೈನರ್ ಬ್ಲೌಸು ತೋರಿಸಿ, "ಅಕ್ಕಾ, ಇದೇ ನಮೂನಿ ಬೇಕ್. ಎಷ್ಟ್ ಆತ್ತ್?" ಎಂದಳು. ನಾನು ಹೇಳಿದ ಲೆಕ್ಕ ಅವಳ ಮೂರು ದಿನದ ದುಡಿಮೆ. ಸಾದಾ ಹೊಲಿಸಿಕೊಂಡರೆ ಸಾಲದಾ ಎಂದೆ. "ಎಲ್ಲರೂ ಹೊಸ್ತ್ ಹಾಯ್ಕಂಡ್ ಬತ್ರ್ ಅಕ್ಕಾ, ನಾನೊಬ್ಳೇ ಹಳೀದ್ರಲ್ ಹ್ಯಾಂಗ್ ಹೋಪ್ದ್?" ಎಂದಳು.

ಅವಳಿಗೆ ಸಂತುಷ್ಟಿಯ ಪಾಠ ಹೇಳಬಹುದಿತ್ತು. ನನ್ನ ಬೀರುವಿನಲ್ಲಿ ಇಪ್ಪತ್ತೆರಡು ಸೀರೆ ಇವೆ, ಅವಳ ಹತ್ತಿರ ಒಳ್ಳೆಯದು ಅನ್ನುವುದು ಎರಡು. ಇಪ್ಪತ್ತೆರಡು ಇರುವವಳು ಎರಡು ಇರುವವಳಿಗೆ ತೃಪ್ತಿಯನ್ನು ಬೋಧಿಸಿದರೆ ಅದಕ್ಕೆ ಧಮ್ಮ ಅಂತ ಹೆಸರಿಡಲು ನನಗೆ ಬಾಯಿ ಬರುವುದಿಲ್ಲ. ಕೋಲಿಯರ ದೀಘಜಾಣು ಬುದ್ಧರ ಹತ್ತಿರ ಬಂದು, ನಾವು ಹೆಂಡತಿ ಮಕ್ಕಳೊಂದಿಗೆ ಇರುವವರು, ಕಾಶಿಯ ಗಂಧ ಪೂಸುವವರು, ಹೂ ಮುಡಿಯುವವರು, ನಮಗೆ ಒಪ್ಪುವಂಥದ್ದನ್ನು ಹೇಳಿ ಎಂದಾಗ ಬುದ್ಧರು ಗಂಧ ಒರೆಸಿ ಬಾ ಎನ್ನಲಿಲ್ಲ. ದುಡಿ, ದುಡಿದದ್ದನ್ನು ಕಾಪಾಡು, ಒಳ್ಳೆಯವರ ಸಹವಾಸ ಮಾಡು, ಆದಾಯಕ್ಕೆ ತಕ್ಕಂತೆ ಬಾಳು ಎಂದರು. ಆ ನಾಲ್ಕನೆಯದು ಅತಿ ಖರ್ಚನ್ನು ಬೇಡವೆನ್ನುವಷ್ಟೇ ಜಿಪುಣತನವನ್ನೂ ಬೇಡವೆನ್ನುತ್ತದೆ.

ಬಾಬಾಸಾಹೇಬರನ್ನೂ ಇಲ್ಲಿ ನೆನೆಯಬೇಕು. 1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ನೆರೆದ ಹೆಂಗಸರಿಗೆ ಅವರು ಹೇಳಿದ್ದು ಬಟ್ಟೆಯ ಬಗ್ಗೆಯೇ. ಮೊಣಕಾಲ ಮೇಲಕ್ಕೆ ಸೀರೆ ಎತ್ತಿ ಉಡುವುದನ್ನೂ, ಜಾತಿಯ ಗುರುತಾಗಿರುವ ಭಾರದ ಒಡವೆಗಳನ್ನೂ ಬಿಡಿ, ಮೇಲ್ಜಾತಿಯ ಹೆಂಗಸರು ಉಡುವಂತೆಯೇ ಉಡಿ ಎಂದರು. ಉಡುವ ರೀತಿ ಬದಲಿಸಲು ಹೊಸ ಸೀರೆ ಕೊಳ್ಳಬೇಕಾಗಿರಲಿಲ್ಲ, ಇದ್ದುದನ್ನೇ ಇಳಿಸಿ ಉಟ್ಟರೆ ಆಯಿತು. ನಾಲ್ಕು ಜನರ ಮುಂದೆ ಕೀಳಾಗಿ ಕಾಣುವ ನಾಚಿಕೆಯೂ ಒಂದು ಚಳಿಯೇ. ಅದನ್ನು ತಡೆಯಲು ಬಟ್ಟೆ ಬಳಸುವುದು ಬಟ್ಟೆಯ ಸರಿಯಾದ ಉಪಯೋಗ ಎಂದೇ ನನ್ನ ತೀರ್ಮಾನ. ಬಳಗದಲ್ಲಿ ಇದನ್ನು ಒಪ್ಪದವರು ಇರುತ್ತಾರೆ, ಅಹಂಕಾರಕ್ಕೆ ನೀರೆರೆದಂತೆ ಎನ್ನುತ್ತಾರೆ. ಅಹಂಕಾರ ಮಾಡುವಷ್ಟು ಬಟ್ಟೆ ಇರುವವರಿಗೆ ಆ ಮಾತು ಹೇಳೋಣ.

ನಾನು ಹೊಲಿದುಕೊಟ್ಟೆ. ಆರಿ ವರ್ಕ್ ತೋಳಿಗೆ ಮಾತ್ರ ಮಾಡಿ ಖರ್ಚು ಅರ್ಧಕ್ಕೆ ಇಳಿಸಿದೆ.

ಹಾಗಾದರೆ ಫ್ಯಾಷನ್ನಿನ ಹಿಂದೆ ಓಡುವುದರಲ್ಲಿ ತೊಂದರೆಯೇ ಇಲ್ಲವೇ? ಇದೆ. ಮಹಾಡ್‌ನ ಸೀರೆ ಇದ್ದ ಒಂದು ಅವಮಾನವನ್ನು ಮುಚ್ಚಿತು. ಈಗಿನ ಟ್ರೆಂಡು ಮೊದಲು ಇಲ್ಲದ ನಾಚಿಕೆಯನ್ನು ಹುಟ್ಟಿಸುತ್ತದೆ, ಆಮೇಲೆ ಮುಚ್ಚುವ ಬಟ್ಟೆ ಮಾರುತ್ತದೆ. ಕಳೆದ ದೀಪಾವಳಿಯ ಬ್ಲೌಸಿನಲ್ಲಿ ಏನೂ ಹರಿದಿಲ್ಲ, ಬಣ್ಣ ಹೋಗಿಲ್ಲ. ಆದರೂ ಹಾಕಲು ಸಂಕೋಚ. ಆ ಸಂಕೋಚ ಎಲ್ಲಿಂದ ಬಂತು? ನಮ್ಮ ಮೈಯಿಂದ ಬಂದಿಲ್ಲ, ಊರವರು ಯಾರೂ ಬೈದಿಲ್ಲ. ರಾತ್ರಿ ಮಲಗುವ ಮುಂಚೆ ಅರ್ಧ ಗಂಟೆ ರೀಲ್ಸ್ ನೋಡಿದ್ದರಿಂದ ಬಂತು. ಈ ನಾಚಿಕೆಯನ್ನು ಯಾವ ಬಟ್ಟೆಯೂ ಮುಚ್ಚುವುದಿಲ್ಲ. ಯಾಕೆಂದರೆ ಇವತ್ತು ಮುಚ್ಚಲು ತಂದ ಬಟ್ಟೆಯೇ ಮೂರು ತಿಂಗಳಿಗೆ ನಾಚಿಕೆಯ ಬಟ್ಟೆಯಾಗುತ್ತದೆ. ಅಗ್ಗದ ಬೆಲೆ ಇಲ್ಲಿ ಸಹಾಯ ಮಾಡುವ ಬದಲು ಕಷ್ಟ ಹೆಚ್ಚಿಸುತ್ತದೆ. ಲಕ್ಷದ ಸೀರೆಗೆ ಮುಂಚೆ ಮನೆಯಲ್ಲಿ ಹತ್ತು ಸಲ ಮಾತಾಗುತ್ತದೆ, ಮನಸ್ಸಿಗೆ ತನ್ನ ಆಸೆಯ ಮುಖ ನೋಡಲು ಸಮಯ ಸಿಗುತ್ತದೆ. ಎಂಟುನೂರರದ್ದು ಒಂದು ಬೆರಳಿನ ಕೆಲಸ. ಆಸೆ ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ, ಪ್ಯಾಕೆಟ್ ಮಾತ್ರ ಬಾಗಿಲಿಗೆ ಬರುತ್ತದೆ.

ಇನ್ನೊಂದು ಲೆಕ್ಕ, ಹೊಲಿಗೆಯವಳಾಗಿ. ಒಂದು ಕುರ್ತಾ ಕತ್ತರಿಸಿ ಹೊಲಿದು ಮುಗಿಸಲು ನನಗೆ ಎರಡು ಗಂಟೆ ಬೇಕು. ಇನ್ನೂರೈವತ್ತಕ್ಕೆ ಮನೆ ಬಾಗಿಲಿಗೆ ಬರುವ ಕುರ್ತಾದಲ್ಲಿ ಬಟ್ಟೆ, ದಾರ, ಪ್ಯಾಕೆಟ್ಟು, ಸಾಗಾಟ, ಮಾರುವವರ ಲಾಭ ಇವೆಲ್ಲ ಕಳೆದರೆ ಹೊಲಿದವಳ ಕೈಗೆ ಎಷ್ಟು? ಢಾಕಾ ಬಳಿಯ ರಾಣಾ ಪ್ಲಾಜಾದಲ್ಲಿ ಗೋಡೆ ಬಿರುಕು ಬಿಟ್ಟಾಗ ಕೆಳಗಿನ ಬ್ಯಾಂಕಿನವರು ಮನೆಗೆ ಹೋದರು, ಹೊಲಿಗೆಯವರನ್ನು ಮರುದಿನ ಕೆಲಸಕ್ಕೆ ಕರೆಸಿದರು. 2013ರ ಏಪ್ರಿಲ್ 24ರಂದು ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅವರು ಹೊಲಿಯುತ್ತಿದ್ದುದು ದೂರದೇಶಗಳ ಅಗ್ಗದ ಫ್ಯಾಷನ್ ಬಟ್ಟೆ. ಮೊದಲ ಶೀಲವನ್ನು ದಿನವೂ ಹೇಳುವ ನಾವು ಈ ಲೆಕ್ಕವನ್ನು ಬಿಟ್ಟು ಹೇಳಲಾಗದು.

ಬಟ್ಟೆಯನ್ನು ಅಳೆಯಲು ನನಗೆ ಹಿಡಿಸಿದ ಕೋಲು ಆನಂದ ಥೇರರದ್ದು. ಅವರು ಬರಿ ಶಿಷ್ಯರಲ್ಲ, ನನ್ನ ಮಟ್ಟಿಗೆ ಮೊದಲ ಡಿಸೈನರ್. ಮಗಧದ ಗದ್ದೆಗಳ ಅಂಚು, ಸಾಲು, ಚೌಕ ತೋರಿಸಿ ಬುದ್ಧರು ಇಂಥ ಚೀವರ ಮಾಡಬಲ್ಲೆಯಾ ಎಂದಾಗ ತುಂಡು ಜೋಡಿಸಿ ಮಾಡಿ ತೋರಿಸಿದವರು. ಮಳೆಗಾಲದಲ್ಲಿ ನಮ್ಮ ಬಯಲಿನ ಗದ್ದೆಯಂಚುಗಳನ್ನು ಕಂಡಾಗಲೆಲ್ಲ ನನಗೆ ಆ ನಮೂನೆ ಕಾಣುತ್ತದೆ. ಬುದ್ಧರ ಪರಿನಿಬ್ಬಾಣದ ನಂತರ ಕೋಸಂಬಿಯ ಉದೇನ ಅರಸನ ರಾಣಿವಾಸದವರು ಈ ಆನಂದರಿಗೆ 500 ಚೀವರ ದಾನ ಕೊಟ್ಟರು. ಅರಸನಿಗೆ ಸಿಟ್ಟು ಬಂತು, ಇವರೇನು ಬಟ್ಟೆ ಅಂಗಡಿ ಇಡುತ್ತಾರೋ ಎಂದ. ಆನಂದರನ್ನೇ ಕೇಳಿದ. ಚೀವರ ಹರಿದ ಭಿಕ್ಕುಗಳಿಗೆ ಹಂಚುತ್ತೇವೆ ಎಂದರು. ಹಳೆಯದನ್ನು? ಹಾಸಿಗೆಯ ಮೇಲುಹೊದಿಕೆ ಮಾಡುತ್ತೇವೆ. ಹಳೆಯ ಮೇಲುಹೊದಿಕೆಯನ್ನು? ಹಾಸಿಗೆಯ ಚೀಲ. ಆಮೇಲೆ ನೆಲಹಾಸು, ಕಾಲೊರಸು, ಧೂಳು ಹೊಡೆಯುವ ಬಟ್ಟೆ, ಕೊನೆಗೆ ಕುಟ್ಟಿ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಮೆತ್ತುತ್ತೇವೆ ಎಂದರು. ಅರಸ ಇನ್ನೂ 500 ಕೊಟ್ಟ.

ನಮ್ಮ ಅಜ್ಜಿಯರ ಮನೆಯಲ್ಲೂ ಇದೇ ಸಾಲು ಇತ್ತು. ಸೀರೆ, ಆಮೇಲೆ ಬಾಣಂತಿಯ ಮನೆಯ ಮೆತ್ತನೆ ಬಟ್ಟೆ, ಆಮೇಲೆ ಒಲೆಯ ಹತ್ತಿರದ ಮಸಿಬಟ್ಟೆ. ಅಗ್ಗದ ಪಾಲಿಯೆಸ್ಟರ್ ಜಾರ್ಜೆಟ್ಟಿಗೆ ಈ ದಾರಿ ಇಲ್ಲ. ನೀರು ಹೀರುವುದಿಲ್ಲ, ಬಿಸಿ ಪಾತ್ರೆಗೆ ಹಿಡಿದರೆ ಕರಗಿ ಅಂಟುತ್ತದೆ. (ಜೂನ್ ತಿಂಗಳ ಮಳೆಯಲ್ಲಿ ಬೇಗ ಒಣಗುವುದು ಅದೊಂದೇ ಎಂಬುದನ್ನೂ ಹೇಳಿಬಿಡುತ್ತೇನೆ, ಕರಾವಳಿಯವರಿಗೆ ಅದು ಸಣ್ಣ ಉಪಕಾರವಲ್ಲ.) ಜಿಐ ಮನ್ನಣೆ ಪಡೆದ ನಮ್ಮ ಉಡುಪಿ ಕೈಮಗ್ಗದ ಹತ್ತಿ ಸೀರೆ ಒಗೆದಷ್ಟೂ ಮೆತ್ತಗಾಗುತ್ತದೆ, ಮಸಿಬಟ್ಟೆಯಾಗುವವರೆಗೂ ಕೆಲಸಕ್ಕೆ ಬರುತ್ತದೆ.

ಸಹೋದರಿಗೆ ನನ್ನ ಉತ್ತರ ಇಷ್ಟೇ: ಎಂಟುನೂರು ಕೊಡಿ, ಲೆಕ್ಕ ಅಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ನನ್ನ ಹತ್ತಿರ ಫೋಟೋ ಹಿಡಿದು ಬರುವವರಿಗೆ ನಾನು ಆಸೆಯ ಮಾತು ಎತ್ತುವುದಿಲ್ಲ. ಇದನ್ನು ಇನ್ನು ಯಾವ ಯಾವ ಸೀರೆಗೆ ಹಾಕುತ್ತೀರಿ ಎಂದು ಕೇಳುತ್ತೇನೆ. ಕೆಲವರು ಅಲ್ಲೇ ಡಿಸೈನ್ ಬದಲಿಸುತ್ತಾರೆ, ಕೆಲವರು ನಗುತ್ತಾರೆ. ಅಗ್ಗದ ಬಹಳಷ್ಟು ರೆಡಿಮೇಡಿನಲ್ಲಿ ಒಳಗೆ ಬಟ್ಟೆ ಬಿಟ್ಟಿರುವುದಿಲ್ಲ, ಮೈ ಸ್ವಲ್ಪ ತುಂಬಿದರೆ ಮುಗಿಯಿತು. ಆ ಹುಡುಗಿಯ ಬ್ಲೌಸಿಗೆ ನಾನು ಎರಡೂ ಪಕ್ಕದಲ್ಲಿ ಒಂದೂವರೆ ಇಂಚು ಬಿಟ್ಟಿದ್ದೇನೆ. ಮದುವೆಯಾಗಿ ಮಗುವಾದ ಮೇಲೂ ಬಿಡಿಸಿ ಹಾಕಿಕೊಳ್ಳಬಹುದು.

ಎಲ್ಲರಿಗೂ ಮಂಗಳವಾಗಲಿ.