ಎಡಗೈಗೆ ತಿಳಿಯದಂತೆ, ಅಪ್ಪನ ಹೆಸರಿನಲ್ಲಿ

"ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು" ಎಂಬ ಮಾತನ್ನು ಕೇಳದೆ ಬೆಳೆದ ಕನ್ನಡಿಗರು ಕಡಿಮೆ. ಕ್ರೈಸ್ತರ ಸುವಾರ್ತೆಯಲ್ಲೂ ಮುಸ್ಲಿಮರ ಹದೀಸಿನಲ್ಲೂ ಇದೇ ಆಶಯವಿದೆ. ತೀರಿಕೊಂಡ ಅಪ್ಪನ ಹೆಸರಿನಲ್ಲಿ ಕಾಲೇಜಿನಲ್ಲೊಂದು ವಿದ್ಯಾರ್ಥಿವೇತನ ಇಡಬೇಕೆಂದು ಹೊರಟವರಿಗೆ ಮೊದಲು ಅಡ್ಡ ಬರುವುದೂ ಈ ಮಾತೇ. ಊರಿನಲ್ಲಿ ವರ್ಷಾಂತಿಕ ಮುಗಿಸಿ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಮರಳಿದ ಮಗ ಇಂಥದ್ದೊಂದು ಯೋಚನೆ ಹೇಳಿದರೆ, ಫೋನಿನ ಆ ತುದಿಯಲ್ಲಿ ಅಕ್ಕ ಕೇಳಿಯೇ ಕೇಳುತ್ತಾಳೆ: "ಹೆಸರು ಹಾಕಿಸಿ ಕೊಟ್ಟರೆ ಅದು ದಾನ ಹೇಗಾಗುತ್ತೋ?"

ಅಕ್ಕನ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಗಾದೆಯನ್ನು ಇನ್ನೊಮ್ಮೆ ನೋಡಬೇಕು. ಅದರಲ್ಲಿರುವ ಎರಡು ಕೈಗಳೂ ಕೊಡುವವನವೇ. ಹಾಗಾಗಿ ಇದು ಕೊಡುವವನ ಜಂಭಕ್ಕೆ ಹಾಕಿದ ಕಡಿವಾಣ ಎಂದುಕೊಂಡು ಸುಮ್ಮನಾಗುತ್ತೇವೆ. ನನ್ನ ಮಟ್ಟಿಗೆ ಅದು ಅರ್ಧ ಅರ್ಥ. ತೆಗೆದುಕೊಳ್ಳುವವನದೂ ಒಂದು ಕೈ ಇದೆಯಲ್ಲ, ಗಾದೆ ಅದರ ಹೆಸರೆತ್ತುವುದೇ ಇಲ್ಲ. ಆ ಕೈ ಯಾರ ಕಣ್ಣಿಗೂ ಬೀಳದಿರಲಿ ಎಂಬುದೇ ಗಾದೆಯ ಕಾಳಜಿ. ಮುಚ್ಚಿಡಬೇಕಾದದ್ದು ಪಡೆಯುವವನ ಬಡತನ. ತೀರಿಹೋದವರ ಹೆಸರನ್ನು ಮುಚ್ಚಿಡಬೇಕೆಂದು ಗಾದೆ ಎಲ್ಲೂ ಹೇಳಿಲ್ಲ.

ಹಿರಿಯರ ಹೆಸರು ಹೇಳುವುದಕ್ಕೆ ನಮ್ಮ ಪೂರ್ವಿಕರು ಎಂದೂ ಹಿಂಜರಿದವರಲ್ಲ. ಅಗಲಿದವರ ಗೌರವಾರ್ಥ ಮಾಡುವ ಕಾರ್ಯಕ್ಕೆ ನಮ್ಮ ಶಾಸನಗಳಲ್ಲಿ 'ಪರೋಕ್ಷವಿನಯ' ಎಂಬ ಹೆಸರೇ ಇದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಕತ್ತಲೆ ಬಸದಿಯನ್ನು ಕಟ್ಟಿಸಿದ್ದು ತಾಯಿ ಪೋಚಿಕಬ್ಬೆಗಾಗಿ, 1118ರ ಸುಮಾರಿಗೆ. ಇನ್ನು ಇಂಡಿ ತಾಲ್ಲೂಕಿನ ಸಾಲೋಟಗಿಯ 945ರ ಶಾಸನ ಓದಿದರೆ ಮನಸ್ಸು ತುಂಬುತ್ತದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಇರಲು ಮನೆಗಳು, ದೀಪದ ಖರ್ಚಿಗೆಂದೇ ಹನ್ನೆರಡು ನಿವರ್ತನ ಭೂಮಿ, ಊರಿನಲ್ಲಿ ಮದುವೆಯಾದರೆ ಶಾಲೆಗೆ ಇಷ್ಟು ಕಾಣಿಕೆ ಎಂಬ ಕಟ್ಟಳೆ. ಕೊಟ್ಟವನ ಹೆಸರು ಕಲ್ಲಿನಲ್ಲಿ ಉಳಿದಿದೆ. ಆ ದೀಪದ ಬೆಳಕಿನಲ್ಲಿ ಓದಿದ ಹುಡುಗರಲ್ಲಿ ಒಬ್ಬನ ಹೆಸರೂ ಅಲ್ಲಿಲ್ಲ.

ಬರ್ಕ್ಲಿಯ ವಿಶ್ವವಿದ್ಯಾಲಯಕ್ಕೂ ಇಂಥದ್ದೊಂದು ಪರಂಪರೆ ಇದೆ. ಫೀಬಿ ಹರ್ಸ್ಟ್ ಎಂಬ ಮಹಿಳೆ, ಗಂಡ ತೀರಿಕೊಂಡ 1891ರಲ್ಲೇ, ಐವರು ಹೆಣ್ಣುಮಕ್ಕಳಿಗೆ ವರ್ಷಕ್ಕೆ ತಲಾ 300 ಡಾಲರ್ ಕೊಡುವುದಾಗಿ ಪತ್ರ ಬರೆದರು. ಪ್ರವೇಶ ಪರೀಕ್ಷೆಯ ಅಂಕಕ್ಕೆ ಇದು ಬಹುಮಾನವಾಗಕೂಡದು. ಒಳ್ಳೆಯ ನಡತೆ, ಎತ್ತರದ ಗುರಿ ಇರಬೇಕು. ಈ ನೆರವಿಲ್ಲದಿದ್ದರೆ ಓದೇ ಅಸಾಧ್ಯ ಎನ್ನುವವರಿಗೆ ಸಲ್ಲಬೇಕು ಎಂಬುದು ಅವರ ಷರತ್ತು. ತಮ್ಮ ಕಾಲದ ನಂತರವೂ ಅದು ನಡೆಯುವಂತೆ ಶಾಶ್ವತ ನಿಧಿಯ ಏರ್ಪಾಡನ್ನೂ ಮಾಡಿದ್ದರು. ಅವರು 1919ರಲ್ಲಿ ತೀರಿಕೊಂಡ ಮೇಲೆ ಮಗ ತಾಯಿಯ ನೆನಪಿಗೆ ಕ್ಯಾಂಪಸ್ಸಿನಲ್ಲಿ ಹೆಣ್ಣುಮಕ್ಕಳಿಗಾಗಿ ವ್ಯಾಯಾಮಶಾಲೆ ಕಟ್ಟಿಸಿದ. ಈಜುಕೊಳವಿರುವ ಸುಂದರ ಕಟ್ಟಡ, ಇವತ್ತಿಗೂ ಇದೆ. ಆದರೂ ನನಗೆ ಮಗನ ಕಟ್ಟಡಕ್ಕಿಂತ ತಾಯಿಯ ಆ ಷರತ್ತೇ ದೊಡ್ಡದಾಗಿ ಕಾಣುತ್ತದೆ. ನಮ್ಮಲ್ಲಿ ದತ್ತಿ ಎಂದರೆ ಹೆಚ್ಚಾಗಿ ಚಿನ್ನದ ಪದಕ, ಅದೂ ಮೊದಲ ರ‍್ಯಾಂಕಿಗೆ. ಫೀಸು ಕಟ್ಟಲಾಗದೆ ಎರಡನೇ ವರ್ಷವೇ ಓದು ನಿಲ್ಲಿಸುವ ಹುಡುಗಿಯನ್ನು ಪದಕ ಮುಟ್ಟುವುದಿಲ್ಲ.

ಅದೇ ಬರ್ಕ್ಲಿಗೆ 1912ರಲ್ಲಿ ಜ್ವಾಲಾ ಸಿಂಗ್ ಎಂಬ ರೈತ ಭಾರತದಿಂದ ವಿದ್ಯಾರ್ಥಿಗಳನ್ನು ಕರೆಸಿಕೊಂಡರು. ಸ್ಟಾಕ್‌ಟನ್ ಕಡೆಯ ಹೊಲಗಳಲ್ಲಿ ಆಲೂಗಡ್ಡೆ ಬೆಳೆದು ಸಂಪಾದಿಸಿದ ಹಣ. ವೇತನಕ್ಕೆ ಇಟ್ಟದ್ದು ಗುರು ಗೋವಿಂದ ಸಿಂಗರ ಹೆಸರು. ಆಯ್ಕೆಯಲ್ಲಿ ಜಾತಿ ಮತ ಕೇಳಲಿಲ್ಲ. ಹಾಗೆ ಬಂದವರಲ್ಲಿ ಗೋವಿಂದ ಬಿಹಾರಿ ಲಾಲ್ ಮುಂದೆ 1937ರ ಪುಲಿಟ್ಜರ್ ಪ್ರಶಸ್ತಿ ಹಂಚಿಕೊಂಡ ವಿಜ್ಞಾನ ಪತ್ರಕರ್ತರಾದರು. ಅಥಣಿ ಸೀಮೆಯ ಕೊಕಟನೂರನ್ನು ಹೆಸರಿನಲ್ಲಿ ಹೊತ್ತ ವಾಮನ ಕೊಕಟನೂರ ರಸಾಯನ ವಿಜ್ಞಾನಿಯಾದರು. ಆದರೆ ಆಲೂಗಡ್ಡೆಗೆ ಬೆಲೆ ಬಿದ್ದಾಗ ವೇತನ ನಿಂತುಹೋಯಿತು. ಜ್ವಾಲಾ ಸಿಂಗ್ ಬ್ರಿಟಿಷರ ವಿರುದ್ಧದ ಗದರ್ ಹೋರಾಟಕ್ಕೆ ಇಳಿದು ಸೆರೆಮನೆ ಸೇರಿದರು.

ಆ ಅನುಭವದಿಂದ ತಿಳಿಯಬೇಕಾದ್ದು ಇಷ್ಟು: ವರ್ಷವರ್ಷದ ಸಂಪಾದನೆಯಿಂದ ಕೊಡುವ ವೇತನ ಕೊಡುವವನ ಜೊತೆಗೇ ಏಳುತ್ತದೆ, ಬೀಳುತ್ತದೆ. ದತ್ತಿನಿಧಿ ಹಾಗಲ್ಲ. ಮೂಲಧನ ಮುಟ್ಟದೆ, ಅದನ್ನು ತೊಡಗಿಸಿ, ವರ್ಷಕ್ಕೆ ನೂರಕ್ಕೆ ನಾಲ್ಕೈದರಷ್ಟನ್ನು ಮಾತ್ರ ಹಂಚುತ್ತಾರೆ. ಒಂದು ಲಕ್ಷ ಡಾಲರ್ ಇಟ್ಟರೆ ಕೈಗೆ ಬರುವುದು ನಾಲ್ಕೈದು ಸಾವಿರ. ಬರ್ಕ್ಲಿಯಲ್ಲಿ ಕ್ಯಾಲಿಫೋರ್ನಿಯಾದ ಮಕ್ಕಳ ಫೀಸೇ ವರ್ಷಕ್ಕೆ 15 ಸಾವಿರ ದಾಟಿದೆ, ಮನೆ ಬಾಡಿಗೆ ಬೇರೆ. ಒಬ್ಬರ ಇಡೀ ಓದನ್ನು ಅಪ್ಪನ ಹೆಸರು ಹೊರಲಾರದು. ಆದರೆ ನಾಲ್ಕೈದು ಸಾವಿರ ಕೊರೆಬಿದ್ದು ಓದು ನಿಲ್ಲುವ ಕಡೆ ಅದು ಸಾಕಾಗುತ್ತದೆ.

"ನಮ್ಮವರ ಮಕ್ಕಳಿಗೇ ಕೊಡಿ" ಎಂಬ ಆಸೆ ಸಹಜ, ಆದರೆ ಅಲ್ಲಿ ಅದು ನಡೆಯದು. 1996ರಲ್ಲಿ ಮತದಾರರು ಒಪ್ಪಿದ 209ನೇ ಪ್ರಸ್ತಾವದ ಪ್ರಕಾರ ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯಗಳು ಜನಾಂಗ, ಲಿಂಗ, ಮೂಲದೇಶ ನೋಡಿ ಆದ್ಯತೆ ಕೊಡುವಂತಿಲ್ಲ. ಇದು ಬೇಸರಪಡುವ ಸಂಗತಿ ಎಂದು ನನಗೆ ಅನ್ನಿಸುವುದಿಲ್ಲ. ಹಾಸನದ ಮೇಷ್ಟರೊಬ್ಬರ ಹೆಸರಿನ ಹಣದಲ್ಲಿ ಓಕ್‌ಲ್ಯಾಂಡಿನ ಬಸ್ ಚಾಲಕಿಯ ಮಗಳು ಓದಿದರೆ ಮೇಷ್ಟರಿಗೆ ಅದಕ್ಕಿಂತ ದೊಡ್ಡ ತರ್ಪಣ ಯಾವುದು? ಗಾದೆಯ ಎಡಗೈಗೂ ಇಲ್ಲಿ ಕೆಲಸ ಹಗುರ: ಯಾರಿಗೆ ಕೊಡಬೇಕೆಂದು ನಾವು ಆರಿಸುವುದೇ ಇಲ್ಲ.

ಇದಕ್ಕೆ ವಿರುದ್ಧವಾದದ್ದನ್ನು ನಾವೆಲ್ಲ ನೋಡಿದ್ದೇವೆ. ವೇದಿಕೆಯ ಮೇಲೆ ಮಕ್ಕಳ ಸಾಲು, ಬಾಗಿಲಿನಷ್ಟು ಉದ್ದದ ರಟ್ಟಿನ ಚೆಕ್ಕು, ಮೈಕಿನಲ್ಲಿ "ಇವರ ತಂದೆ ಕೂಲಿ ಮಾಡುತ್ತಾರೆ" ಎಂಬ ಪರಿಚಯ, ತಲೆ ಬಗ್ಗಿಸಿ ನಿಂತ ಹದಿನೆಂಟರ ಹುಡುಗ. ಅಲ್ಲಿ ದಾನಿ ತನ್ನ ಹೆಸರನ್ನು ಮುಚ್ಚಿಟ್ಟಿದ್ದರೂ ಗಾದೆ ಮುರಿದ ಹಾಗೆಯೇ.

ಆದ್ದರಿಂದ ಬರ್ಕ್ಲಿಯಲ್ಲಿರಲಿ, ಧಾರವಾಡದಲ್ಲಿರಲಿ, ದತ್ತಿಪತ್ರ ಬರೆಸುವವರಲ್ಲಿ ನನ್ನದೊಂದು ಕೋರಿಕೆ. ಅಪ್ಪನ ಅಥವಾ ಅಮ್ಮನ ಪೂರ್ತಿ ಹೆಸರು ಹಾಕಿಸಿ, ಸಂಕೋಚ ಬೇಡ. ಸಭೆ, ಫೋಟೊ, ಧನ್ಯವಾದದ ಪತ್ರ ಯಾವುದೂ ಕಡ್ಡಾಯವಲ್ಲ ಎಂದು ಒಂದು ಸಾಲು ಸೇರಿಸಿ. ಜೊತೆಗೆ ಅವರು ಯಾವ ಊರಿನವರು, ಏನು ಕೆಲಸ ಮಾಡಿದರು, ಎಲ್ಲಿಯವರೆಗೆ ಓದಿದರು, ಓದು ಯಾಕೆ ನಿಂತಿತು ಎಂದು ನಾಲ್ಕು ವಾಕ್ಯ ಬರೆದು ಕಾಲೇಜಿಗೆ ಕೊಡಿ. ವೇತನ ಪಡೆದ ಮಗುವಿಗೆ ಅದನ್ನು ತಲುಪಿಸಲು ಹೇಳಿ.