ತೊಳೆಯದ ರೀಲಿನ ಒಡೆತನ

ಹಳೆಯ ಪುಟ್ಟ ರೀಲು ಕ್ಯಾಮೆರಾಗಳನ್ನು ಕೊಂಡು ಕೂಡಿಡುವ, ಅವುಗಳಿಂದಲೇ ಫೋಟೊ ತೆಗೆಯುವ ಹವ್ಯಾಸವನ್ನು ಧರ್ಮವಿಚಾರದ ಕಣ್ಣಿನಿಂದ ನೋಡುವವರಿಗೆ ಅಪರಿಗ್ರಹದ, ಎಂದರೆ ಅಗತ್ಯ ಮೀರಿ ಕೂಡಿಡಬಾರದೆಂಬ ವ್ರತದ ಪ್ರಶ್ನೆ ಮೊದಲು ಹೊಳೆಯುವುದು ಸಹಜ. ಆದರೆ ಅದಕ್ಕಿಂತ ತೊಡಕಿನ ಪ್ರಶ್ನೆ ಕ್ಯಾಮೆರಾದ ಹೊಟ್ಟೆಯಲ್ಲಿಯೇ ಇರುತ್ತದೆ. ಯಾಶಿಕಾ ಎಂಎಫ್-2 ಅಥವಾ 1967ರಲ್ಲಿ ಬಂದ ಒಲಿಂಪಸ್ ಟ್ರಿಪ್ 35ರಂಥ ಕ್ಯಾಮೆರಾ ಕೈಗೆ ಬಂದಾಗ ಬಲ್ಲವನು ಹಿಂದಿನ ಮುಚ್ಚಳವನ್ನು ತೆರೆಯುವುದಿಲ್ಲ. ರೀಲನ್ನು ಹಿಂದಕ್ಕೆ ಸುತ್ತುವ ಹಿಡಿಕೆಯನ್ನು ಮೆಲ್ಲಗೆ ತಿರುಗಿಸಿ ನೋಡುತ್ತಾನೆ. ಅದು ಸಡಿಲವಾಗಿ ತಿರುಗಿದರೆ ಕ್ಯಾಮೆರಾ ಖಾಲಿ, ಬಿಗಿ ಹತ್ತಿದರೆ ಒಳಗೆ ಯಾರದೋ ರೀಲು ಉಳಿದಿದೆ. ಅಫಜಲಪುರ ತಾಲ್ಲೂಕಿನ ಕರಜಗಿಯಂಥ ಊರಿನ ಒಂದು ಮನೆತನದವರು ದೇವಲ ಗಾಣಗಾಪುರದಲ್ಲಿ ದತ್ತನ ಪಾದುಕೆಯ ದರ್ಶನ ಮುಗಿಸಿ, ಭೀಮೆಯ ದಂಡೆಯಲ್ಲಿ ನಿಂತು ತೆಗೆಸಿಕೊಂಡ ಫೋಟೊಗಳು, ರೀಲು ಪೂರ್ತಿ ಮುಗಿಯದ ಕಾರಣಕ್ಕೆ ಕಲಬುರಗಿಗೆ ತೊಳೆಯಲು ಹೋಗದೆ ಟ್ರಂಕಿನಲ್ಲಿಯೇ ಉಳಿದಿವೆ ಎಂದಿಟ್ಟುಕೊಂಡರೆ, ಆ ಫೋಟೊಗಳು ಈಗ ಇವೆಯೇ, ಇದ್ದರೆ ಯಾರವು ಎಂಬುದೇ ಆ ಪ್ರಶ್ನೆ.

ಕಾರ್ಯವು ಹುಟ್ಟುವ ಮೊದಲೇ ಕಾರಣದಲ್ಲಿ ಇರುತ್ತದೆ ಎಂಬುದು ಸಾಂಖ್ಯರ ಸತ್ಕಾರ್ಯವಾದ. ಇಲ್ಲದ್ದೇ ಹೊಸದಾಗಿ ಹುಟ್ಟುತ್ತದೆ ಎಂಬುದು ನೈಯಾಯಿಕರ ಅಸತ್ಕಾರ್ಯವಾದ. ರೀಲು ಇಬ್ಬರಿಗೂ ಸುಲಭವಾಗಿ ಒಲಿಯುವುದಿಲ್ಲ. ಬೆಳಕು ಬಿದ್ದಾಗ ಬೆಳ್ಳಿಯ ಲವಣದ ಪ್ರತಿಯೊಂದು ಹರಳಿನಲ್ಲಿ ಬಿಡಿಯಾಗುವುದು ಬೆಳ್ಳಿಯ ಕೆಲವೇ ಪರಮಾಣುಗಳು, ಅವು ಕಣ್ಣಿಗೆ ಕಾಣುವಂಥವಲ್ಲ; ಡೆವಲಪರ್ ಎಂಬ ರಾಸಾಯನಿಕವು ಅಂಥ ಹರಳನ್ನು ಇಡಿಯಾಗಿ ಕಪ್ಪು ಬೆಳ್ಳಿಯಾಗಿಸುತ್ತದೆ, ಬಳಿಕ ಹೈಪೊ ಉಳಿದ ಲವಣವನ್ನು ತೊಳೆದು ತೆಗೆಯುತ್ತದೆ. ಕಣ್ಣಿಗೆ ಕಾಣುವ ಕಪ್ಪೆಲ್ಲವನ್ನೂ ತಂದದ್ದು ಡೆವಲಪರ್ ಎಂದು ನೈಯಾಯಿಕ ಹೇಳಬಹುದು. ಬೆಳಕು ಕಾಣದ ರೀಲನ್ನು ಅದೇ ದ್ರಾವಣದಲ್ಲಿ ಅದ್ದಿದರೆ ಚಿತ್ರವೇಕೆ ಮೂಡದು ಎಂದು ಸಾಂಖ್ಯನು ಕೇಳಬಹುದು. ಆದರೆ ದ್ರಾವಣದಲ್ಲಿ ಬಹಳ ಹೊತ್ತು ಬಿಟ್ಟರೆ ಬೆಳಕು ತಾಗದ ಹರಳುಗಳೂ ಕಪ್ಪಾಗುತ್ತವೆ, ತಾಗಿದವು ಬೇಗ ಕಪ್ಪಾಗುತ್ತವೆ, ಅಷ್ಟೇ. ಹಾಗಾದರೆ ಒಳಗೆ ಅಡಗಿರುವುದು ಸಿದ್ಧವಾದ ಚಿತ್ರವಲ್ಲ, ಒಂದು ಸನ್ನದ್ಧತೆ. ಕಾರಣದಲ್ಲಿರುವ, ಕಣ್ಣಿಗೆ ಕಾಣದ, ಫಲದಿಂದಲೇ ಊಹಿಸಬೇಕಾದ ಸಾಮರ್ಥ್ಯವನ್ನು ಶಕ್ತಿಯೆಂಬ ಬೇರೆಯ ಪದಾರ್ಥವೆಂದು ಎಣಿಸಿದ ಮೀಮಾಂಸಕರೇ ಇಲ್ಲಿ ಹೆಚ್ಚು ಹತ್ತಿರದವರು.

ಈ ಶಕ್ತಿ ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ಪ್ರಸಿದ್ಧ ನಿದರ್ಶನವೊಂದಿದೆ. 1897ರಲ್ಲಿ ಬಲೂನಿನಲ್ಲಿ ಉತ್ತರಧ್ರುವದತ್ತ ಹೊರಟು ಮಡಿದ ಸ್ವೀಡನ್ನಿನ ಸಾಲೊಮನ್ ಆಂಡ್ರೆಯ ತಂಡದ ಫಿಲಂಗಳು 33 ವರ್ಷಗಳ ಬಳಿಕ, 1930ರಲ್ಲಿ, ಹಿಮದ ದ್ವೀಪವೊಂದರಲ್ಲಿ ಸಿಕ್ಕಾಗ ಅವುಗಳಿಂದ 93 ಚಿತ್ರಗಳು ಮೂಡಿಬಂದವು. ಶೀತವು ಕಾಯುತ್ತದೆ, ಸೆಕೆ ಕೆಡಿಸುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಭೀಮಾತೀರದ ಊರುಗಳಲ್ಲಿ, ಕಬ್ಬಿಣದ ಟ್ರಂಕಿನಲ್ಲಿ ಬಿದ್ದ ರೀಲಿಗೆ ಅಂಥ ಭಾಗ್ಯವಿಲ್ಲ.

ಒಡೆತನದ ಪ್ರಶ್ನೆಗೆ ಉತ್ತರ ಹುಡುಕಲು ಜಿಲ್ಲೆಯ ಹೊರಗೆ ಹೋಗಬೇಕಾಗಿಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದ, ಕಲಬುರಗಿ ಜಿಲ್ಲೆಯ ಮರ್ತೂರಿನೊಡನೆ ಹೆಸರು ಬೆಸೆದುಕೊಂಡಿರುವ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ ಎತ್ತಿಕೊಂಡದ್ದು ಇದೇ ಬಗೆಯ ಗಂಟು: ಆಸ್ತಿಯನ್ನು ಪಾಲು ಮಾಡುವುದರಿಂದ ಸ್ವತ್ವ, ಎಂದರೆ ಒಡೆತನ, ಹುಟ್ಟುತ್ತದೆಯೋ, ಮೊದಲೇ ಇದ್ದ ಸ್ವತ್ವವನ್ನೇ ಪಾಲು ಬಿಡಿಸಿ ತೋರಿಸುತ್ತದೆಯೋ? ಮಗನ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಪಾಲು ಇದ್ದುದನ್ನು ಗೊತ್ತುಪಡಿಸುತ್ತದೆ ಎಂಬುದು ಅವನ ನಿಲುವು. ತಂದೆಯ ಸ್ವತ್ವ ಕಳೆದ ಮೇಲೆಯೇ ಮಗನ ಸ್ವತ್ವ ಎಂದವನು ಬಂಗಾಳದ ದಾಯಭಾಗದ ಜೀಮೂತವಾಹನ. ಮನೆತನದ ಹೊಲದ ಬಗ್ಗೆ ಹೇಳಿದ ಮಾತನ್ನು ರೀಲಿಗೆ ಎಳೆದು ತರುವುದು ಶಾಸ್ತ್ರಜ್ಞರಿಗೆ ಅತಿಯೆನಿಸಬಹುದು, ಆದರೂ ತರ್ಕದ ಹಂದರ ಒಂದೇ. ತೊಳೆದವನೇ ಚಿತ್ರವನ್ನು ಹುಟ್ಟಿಸಿದವನಾದರೆ ಅಪರಿಚಿತರ ಮುಖಗಳು ಸಂಗ್ರಾಹಕನ ಸ್ವತ್ತು. ಬೆಳಕು ತಾಗಿದ ಕ್ಷಣದಲ್ಲಿಯೇ ಹಕ್ಕು ಹುಟ್ಟಿದ್ದರೆ ಅವನು ಬರೀ ಪಾಲು ಮಾಡಿಕೊಡುವವನು. ಎರಡನೆಯದೇ ಹೆಚ್ಚು ಸಮಂಜಸ, ಏಕೆಂದರೆ ಸಂತೆಯಲ್ಲಿ ಕೊಟ್ಟ ದುಡ್ಡು ಲೆನ್ಸಿಗೆ, ಡಬ್ಬಿಗೆ ಸಂದದ್ದೇ ಹೊರತು, ಮಾರಿದವನಿಗೂ ಗೊತ್ತಿಲ್ಲದ ಮುಖಗಳಿಗಲ್ಲ.

ಹಾಗೆಂದು ರೀಲನ್ನು ಮುಟ್ಟದೆ ಇಡುವುದೂ ಧರ್ಮವಾಗಲಾರದು, ಸೆಕೆ ಅದನ್ನು ದಿನದಿನಕ್ಕೂ ತಿನ್ನುತ್ತಿರುವಾಗ. ತೊಳೆಸಿ, ಮೂಡಿದ ಮುಖಗಳನ್ನು ಪ್ರದರ್ಶನಕ್ಕೆ ಇಡದೆ, ಕ್ಯಾಮೆರಾ ಬಂದ ಊರಿನಲ್ಲಿ ವಿಚಾರಿಸುವುದು ಸರಿಯಾದ ದಾರಿ. ಕಳೆದುಹೋಗಿ ಸಿಕ್ಕ ವಸ್ತುವನ್ನು ಒಂದು ವರ್ಷದೊಳಗೆ ಒಡೆಯನು ಬಂದು ಕೇಳಿದರೆ ಅವನಿಗೇ ಸಲ್ಲಬೇಕೆಂದು ಯಾಜ್ಞವಲ್ಕ್ಯನೂ ವಿಧಿಸಿದ್ದಾನೆ. ಸಂಗ್ರಾಹಕನು ತಡೆಯಲಾರದೆ ಉಳಿದ ಫ್ರೇಮುಗಳಲ್ಲಿ ತನ್ನ ಫೋಟೊಗಳನ್ನು ತೆಗೆದರಂತೂ ತೊಡಕು ಇಮ್ಮಡಿಸುತ್ತದೆ. ಆಗ ಒಂದೇ ಪಟ್ಟಿಯ ಮೇಲೆ ಎರಡು ಮನೆತನಗಳ ಅವಿಭಕ್ತ ಆಸ್ತಿ ಉಂಟಾಗುತ್ತದೆ, ಅದನ್ನು ಕತ್ತರಿಸಿ ಹಂಚಬೇಕಾದವನು ತೊಳೆಯುವ ಸ್ಟುಡಿಯೊದವನು.